ಬಚ್ಚಲಿನ ವಾಸನೆ ಮತ್ತು ನೀರಿನ ತಡೆ: ಬೆಂಗಳೂರು ಗ್ರಾಮಾಂತರದ ಪಟ್ಟಣಗಳ ಗೃಹಚರಿತ್ರೆಯಿಂದ ಒಂದು ಅಧ್ಯಾಯ

೧

ಕೋಟೆಗಳು, ಶಾಸನಗಳು, ಪಾಳೆಯಗಾರರ ವಂಶಾವಳಿಗಳು ಇವುಗಳ ವಿಚಾರವಾಗಿ ನಮ್ಮ ನಾಡಿನಲ್ಲಿ ಬೇಕಾದಷ್ಟು ಬರವಣಿಗೆ ನಡೆದಿದೆ. ಆದರೆ ದೇವನಹಳ್ಳಿಯ ಕೋಟೆಯ ಇತಿಹಾಸವನ್ನು ಬಲ್ಲ ವಿದ್ಯಾರ್ಥಿಗೂ ಆ ಕೋಟೆಯೊಳಗಿನ ಮನೆಗಳ ಸ್ನಾನದ ನೀರು ಎಲ್ಲಿಗೆ ಹರಿಯುತ್ತಿತ್ತೆಂಬುದು ತಿಳಿದಿರುವುದು ಅಪರೂಪ. ಗೃಹಜೀವನದ ಇಂಥ ಸಂಗತಿಗಳು ಇತಿಹಾಸದ ವ್ಯಾಪ್ತಿಗೆ ಹೊರಗಿನವೆಂದು ಭಾವಿಸುವುದು ಯುಕ್ತವಲ್ಲ. ಊರು ಬೆಳೆದ ಬಗೆ, ಆಡಳಿತ ನಡೆದ ರೀತಿ, ಜಾತಿಗೂ ದುಡಿಮೆಗೂ ಇದ್ದ ನಂಟು ಇವೆಲ್ಲವೂ ಮನೆಯ ಬಚ್ಚಲಿನ ಕಿಂಡಿಯ ಮೂಲಕವೇ ಕೆಲವೊಮ್ಮೆ ಸ್ಪಷ್ಟವಾಗಿ ಕಾಣುತ್ತವೆ.

ಇಂದು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಪಟ್ಟಣಗಳ ಹೊಸ ಮನೆಗಳಲ್ಲಿ ಸಾಮಾನ್ಯವಾಗಿ ಕೇಳಿಬರುವ ದೂರೊಂದುಂಟು. ಗೋಡೆಯ ತುಂಬ ಟೈಲ್ಸ್ ಹಾಕಿಸಿ, ದಿನವೂ ಫಿನಾಯಿಲ್ ಹಾಕಿ ತೊಳೆದರೂ ಬಚ್ಚಲಿನಿಂದ ಮೋರಿಯ ವಾಸನೆ ಬರುವುದೆಂಬುದೇ ಆ ದೂರು. ಈ ವಾಸನೆ ಮನೆಯೊಳಗೆ ಯಾವಾಗ ಪ್ರವೇಶಿಸಿತು, ಅದನ್ನು ಹೊರಹಾಕಲು ಯಾವ ಉಪಾಯಗಳು ನಡೆದವು, ಹೊರಹಾಕಿದ ಮೇಲೆ ಅದು ಎಲ್ಲಿಗೆ ಹೋಯಿತು ಎಂಬ ಮೂರು ಪ್ರಶ್ನೆಗಳನ್ನು ಪ್ರಸ್ತುತ ಲೇಖನದಲ್ಲಿ ವಿಚಾರಿಸುವೆವು. ೧೯೮೬ರ ಆಗಸ್ಟ್ ೧೫ರಂದು ಪ್ರತ್ಯೇಕ ಜಿಲ್ಲೆಯಾಗಿ ರೂಪುಗೊಂಡು, ೨೦೦೭ರಲ್ಲಿ ರಾಮನಗರ ಬೇರ್ಪಟ್ಟ ಬಳಿಕ ಮೇಲಿನ ನಾಲ್ಕು ತಾಲ್ಲೂಕುಗಳಿಗೆ ಸೀಮಿತವಾದ ಬೆಂಗಳೂರು ಗ್ರಾಮಾಂತರವೇ ನಮ್ಮ ಕ್ಷೇತ್ರ. ವಾಸನೆಯನ್ನು ಮನೆಯಿಂದ ನೀಗಿಸುವ ಪ್ರತಿಯೊಂದು ಉಪಾಯವೂ ಅದನ್ನು ಇನ್ನೊಂದು ಸ್ಥಳಕ್ಕೆ, ಇನ್ನೊಬ್ಬರ ಬಳಿಗೆ ಸಾಗಿಸಿದೆಯೆಂಬುದು ನಾವು ಇಲ್ಲಿ ಪ್ರತಿಪಾದಿಸಬಯಸುವ ಮಾತು.

೨

ಮೊದಲು ಹಳೆಯ ಮನೆಯನ್ನು ನೋಡೋಣ. ಮೈದಾನ ಸೀಮೆಯ ಹಳೆಯ ಮನೆಗಳಲ್ಲಿ ಬಚ್ಚಲು ಸಾಮಾನ್ಯವಾಗಿ ಅಡಿಗೆಮನೆಯ ಪಕ್ಕಕ್ಕೋ ಹಿತ್ತಿಲ ಬಾಗಿಲಿನ ಬಳಿಗೋ ಇರುತ್ತಿತ್ತು. ಒಲೆಯ ಮೇಲೆ ಹೂಡಿದ ಹಂಡೆ, ನೆಲಕ್ಕೆ ಕಲ್ಲುಚಪ್ಪಡಿ, ಗೋಡೆಯ ಬುಡದಲ್ಲಿ ಒಂದು ಕಿಂಡಿ. ಕಿಂಡಿಯಿಂದ ಹೊರಬಿದ್ದ ನೀರು ಹಿತ್ತಿಲಿನ ಬಾಳೆಗೋ ಕೆಸುವಿಗೋ ಹರಿಯುತ್ತಿತ್ತು. ಸೀಗೆಪುಡಿ, ಕಡಲೆಹಿಟ್ಟು, ಒಲೆಯ ಬೂದಿ ಇವುಗಳ ಹೊರತಾಗಿ ಆ ನೀರಿನಲ್ಲಿ ಹೆಚ್ಚೇನೂ ಇರುತ್ತಿರಲಿಲ್ಲ. ಆ ಬಚ್ಚಲಿನಲ್ಲಿ ಹೊಗೆಯ ವಾಸನೆ, ಪಾಚಿಯ ವಾಸನೆ ಇದ್ದಿರಬಹುದು. ಮಲಗುಂಡಿಯ ವಾಸನೆಗೆ ಅಲ್ಲಿ ದಾರಿಯೇ ಇರಲಿಲ್ಲ, ಏಕೆಂದರೆ ಮಲವಿಸರ್ಜನೆಗೂ ಬಚ್ಚಲಿಗೂ ಯಾವ ಸಂಬಂಧವೂ ಇರಲಿಲ್ಲ. ಅದಕ್ಕೆ ಜನ ಬಯಲಿಗೆ ಹೋಗುತ್ತಿದ್ದರು.

ಇದಕ್ಕೆ ಭಾಷೆಯೇ ಸಾಕ್ಷಿ. ಬಚ್ಚಲು, ಮೋರಿ, ಹಂಡೆ ಇವು ಮನೆಮಾತಿನ ಪದಗಳು. ಶೌಚಸ್ಥಾನಕ್ಕಾದರೋ ನಾವು ಎರವಲು ಪದಗಳನ್ನೇ ಆಶ್ರಯಿಸಿರುವೆವು. ಪಾಯಿಖಾನೆ ಎಂಬುದು ಪಾರಸಿಯಿಂದ ಬಂದುದು. ಕಕ್ಕಸು ಎಂಬುದು ಡಚ್ಚರ ನುಡಿಯಿಂದ ಬಂದಿತೆಂದು ಹೇಳುವುದುಂಟು. ಶೌಚಾಲಯವೆಂಬುದು ಸಂಸ್ಕೃತದ ನೆರವಿನಿಂದ ಈಚೆಗೆ ರೂಢಿಗೆ ಬಂದ ಶಬ್ದ. ‘ಬಯಲಿಗೆ ಹೋಗುವುದು’, ‘ಹೊರಕಡೆಗೆ ಹೋಗುವುದು’ ಎಂಬ ನುಡಿಗಟ್ಟುಗಳು ಮಾತ್ರ ನಮ್ಮವೇ ಆಗಿದ್ದು, ಆ ಕ್ರಿಯೆ ಮನೆಯ ಹೊರಗಣದೆಂಬುದನ್ನು ಸಾರುತ್ತವೆ.

ಈ ಹಿಂದಿನ ವ್ಯವಸ್ಥೆಯನ್ನು ನೆನೆದು ಹಿಗ್ಗುವುದು ಸಲ್ಲದು. ಹೆಂಗಸರು ನಸುಕಿನಲ್ಲಿ, ಇಲ್ಲವೇ ಕತ್ತಲಾದ ಮೇಲೆ ಮಾತ್ರ ಬಯಲಿಗೆ ಹೋಗಬಹುದಾಗಿತ್ತು. ಮುದುಕರ, ರೋಗಿಗಳ, ಬಾಣಂತಿಯರ ಪಾಡು ಹೇಳತೀರದು. ಮಳೆ ಬಂದಾಗ ಬಯಲಿನ ಹೊಲಸು ಕೆರೆಗೆ, ತೆರೆದ ಬಾವಿಗೆ ಸೇರಿ ವಾಂತಿಭೇದಿಗೆ ಕಾರಣವಾಗುತ್ತಿತ್ತು. ಮನೆಯಲ್ಲಿ ವಾಸನೆಯಿಲ್ಲದಿದ್ದುದಕ್ಕೆ ಊರೂ ಹೆಂಗಸರೂ ತೆತ್ತ ಬೆಲೆ ಅಲ್ಪವಾಗಿರಲಿಲ್ಲ.

೩

ಶೌಚವನ್ನು ಮನೆಯೊಳಕ್ಕೆ ತರಬೇಕಾದರೆ ಕೊಳವೆಯೊಂದು ಬೇಕು. ಆ ಕೊಳವೆಯಲ್ಲಿ ಹೊಲಸು ಕೆಳಗಿಳಿಯುವಂತೆಯೇ ಗಾಳಿ ಮೇಲೇರಿ ಬರುವುದು. ಈ ತೊಡಕಿಗೆ ಉತ್ತರ ದೊರೆತುದು ಇಂಗ್ಲೆಂಡಿನಲ್ಲಿ. ಲಂಡನ್ನಿನಲ್ಲಿದ್ದ ಗಡಿಯಾರ ತಯಾರಕ ಅಲೆಕ್ಸಾಂಡರ್ ಕಮಿಂಗ್ ೧೭೭೫ರಲ್ಲಿ ಹಕ್ಕುಪತ್ರ ಪಡೆದ ಶೌಚಯಂತ್ರದಲ್ಲಿ ಬೋಗುಣಿಯ ಕೆಳಗಿನ ಕೊಳವೆಯನ್ನು ಹಾವಿನಂತೆ ಬಳುಕಿಸಿದ್ದನು. ಪ್ರತಿಸಲ ನೀರು ಹರಿದುಹೋದ ಮೇಲೂ ಆ ಬಾಗಿನಲ್ಲಿ ಸ್ವಲ್ಪ ನೀರು ಉಳಿಯುವುದು. ಹರಿಯುವ ನೀರಿಗೆ ಅದು ಅಡ್ಡಿಯಲ್ಲ, ಗಾಳಿಗೆ ಮಾತ್ರ ತಡೆ. ಇಂದು ನಾವು ಟ್ರ್ಯಾಪ್ ಎಂದು ಕರೆಯುವ ಎಲ್ಲ ಸಾಧನಗಳ ಮೂಲತತ್ತ್ವ ಇಷ್ಟೇ. ಸಾಮಾನ್ಯ ಟ್ರ್ಯಾಪಿನಲ್ಲಿ ಈ ನೀರಿನ ತಡೆಯ ಆಳ ೫೦ ಮಿಲಿಮೀಟರ್, ಎಂದರೆ ಮೂರು ಬೆರಳಿನಷ್ಟು. ಮನೆಗೂ ಮೋರಿಗೂ ನಡುವೆ ಇರುವ ಏಕೈಕ ಬಾಗಿಲು ಈ ಮೂರು ಬೆರಳಿನ ನೀರು.

ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಇಂಗ್ಲೆಂಡಿನ ಆರೋಗ್ಯ ಸುಧಾರಕರಿಗೆ ವಾಸನೆಯೇ ರೋಗವೆಂಬ ದೃಢನಂಬಿಕೆಯಿತ್ತು. ೧೮೪೨ರಲ್ಲಿ ದುಡಿಯುವ ಜನರ ಆರೋಗ್ಯಸ್ಥಿತಿಯನ್ನು ಕುರಿತ ಪ್ರಸಿದ್ಧ ವರದಿಯನ್ನು ಬರೆದ ಎಡ್ವಿನ್ ಚಾಡ್ವಿಕ್ ಈ ಪಂಥದ ಮುಖಂಡ. ೧೮೫೪ರಲ್ಲಿ ಜಾನ್ ಸ್ನೋ ಎಂಬ ವೈದ್ಯನು ಕಾಲರಾ ಹರಡುವುದು ಕುಡಿಯುವ ನೀರಿನಿಂದೆಂದು ತೋರಿಸಿದರೂ ಬಹುಮಂದಿ ಒಪ್ಪಲಿಲ್ಲ. ೧೮೫೮ರ ಬೇಸಗೆಯಲ್ಲಿ ಥೇಮ್ಸ್ ನದಿಯ ದುರ್ವಾಸನೆ ತಾಳಲಾರದೆ, ಪಾರ್ಲಿಮೆಂಟಿನ ಕಿಟಕಿಗಳ ಪರದೆಗಳನ್ನು ಕ್ಲೋರೈಡ್ ಸುಣ್ಣದಲ್ಲಿ ಅದ್ದಿ ಕಟ್ಟಬೇಕಾಯಿತು. ಅದೇ ವರ್ಷ ಜೋಸೆಫ್ ಬ್ಯಾಜಲ್ಗೆಟ್ಟನ ದೊಡ್ಡ ಒಳಚರಂಡಿಗಳಿಗೆ ಒಪ್ಪಿಗೆ ದೊರೆಯಿತು. ಆ ಚರಂಡಿಗಳು ಲಂಡನ್ನಿನ ಕೊಳಚೆಯನ್ನು ನಗರದ ಪೂರ್ವಕ್ಕೆ ಒಯ್ದು ನದಿಯ ಕೆಳಪಾತ್ರಕ್ಕೆ ಬಿಟ್ಟವು. ನಗರ ಉಸಿರಾಡಿತು, ಕೆಳಗಿನ ಊರುಗಳಿಗೆ ಆ ಭಾಗ್ಯವಿರಲಿಲ್ಲ.

ಒಳಚರಂಡಿ ಬಂದ ಮೇಲೆ ಹೊಸ ಭಯವೊಂದು ಹುಟ್ಟಿತು. ಇದುವರೆಗೆ ಬೇರೆ ಬೇರೆಯಾಗಿದ್ದ ಗುಂಡಿಗಳು ಈಗ ಒಂದೇ ಕೊಳವೆಜಾಲದ ಮೂಲಕ ಮನೆಮನೆಗೂ ಕೂಡಿಕೊಂಡಿದ್ದವು. ೧೮೭೧ರಲ್ಲಿ ಯುವರಾಜನಾಗಿದ್ದ ಎಡ್ವರ್ಡನು ವಿಷಮಶೀತಜ್ವರದಿಂದ ಸಾವಿನ ಅಂಚಿಗೆ ಹೋದಾಗ, ಅವನು ಅತಿಥಿಯಾಗಿ ತಂಗಿದ್ದ ಮನೆಯ ಮೋರಿಯ ಗಾಳಿಯೇ ಕಾರಣವೆಂದು ಜನ ನಂಬಿದರು. ಚರಂಡಿಯ ಅನಿಲವನ್ನು ಮಾಳಿಗೆಯ ಮೇಲಕ್ಕೆ ಬಿಡುವ ಗಾಳಿಕೊಳವೆಗೆ ಪ್ರಾಶಸ್ತ್ಯ ಬಂದುದು ಈ ಭಯದ ಕಾಲದಲ್ಲಿ. ೧೮೮೭ರಲ್ಲಿ ಕಾರ್ನೆಲ್ಲಿ ಮತ್ತು ಜೆ. ಎಸ್. ಹಾಲ್ಡೇನ್ ಎಂಬ ವಿಜ್ಞಾನಿಗಳು ಚರಂಡಿಗಳ ಗಾಳಿಯನ್ನೇ ಪರೀಕ್ಷಿಸಿ, ಅದರಲ್ಲಿ ಹೊರಗಿನ ಗಾಳಿಗಿಂತ ಕಡಿಮೆ ಸೂಕ್ಷ್ಮಜೀವಿಗಳಿವೆಯೆಂದು ಪ್ರಕಟಿಸಿದರು. ಅದಕ್ಕೆ ಮೂರು ವರ್ಷ ಮೊದಲೇ ರಾಬರ್ಟ್ ಕಾಕ್ ಕಲ್ಕತ್ತೆಯಲ್ಲಿ ಕಾಲರಾ ರೋಗಾಣುವನ್ನು ಬೇರ್ಪಡಿಸಿ ತೋರಿಸಿದ್ದನು. ವಾಸನೆಯೇ ರೋಗವೆಂಬ ಸಿದ್ಧಾಂತ ಹೀಗೆ ಬಿದ್ದುಹೋಯಿತು. ಅದು ನಿರ್ಮಿಸಿದ ಟ್ರ್ಯಾಪೂ ಗಾಳಿಕೊಳವೆಯೂ ಮಾತ್ರ ಉಳಿದುಕೊಂಡವು.

೪

ಈ ಸಾಧನಗಳು ಮೈಸೂರು ಸಂಸ್ಥಾನಕ್ಕೆ ಬಂದ ದಾರಿ ಬೆಂಗಳೂರಿನದು. ೧೮೯೪ರಲ್ಲಿ, ಕೆ. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, ಹೆಸರಘಟ್ಟದ ಕೆರೆಯಿಂದ ನಗರಕ್ಕೆ ನೀರು ತರುವ ಯೋಜನೆ ಕೈಗೂಡಿತು. ಆ ಕೆರೆ ಅರ್ಕಾವತಿಯದು. ನಂದಿಬೆಟ್ಟದ ಬಳಿ ಹುಟ್ಟಿದ ಈ ನದಿ ದೊಡ್ಡಬಳ್ಳಾಪುರ ತಾಲ್ಲೂಕಿನ ಮೂಲಕ ಹರಿದು ಹೆಸರಘಟ್ಟವನ್ನು ಸೇರುತ್ತದೆ. ನಮ್ಮ ಜಿಲ್ಲೆಯ ನೀರು ನಗರದ ನಲ್ಲಿಗಳಿಗೆ ಹೋದುದು ಹೀಗೆ. ಈ ಸಂಬಂಧವನ್ನು ಮುಂದೆ ಮತ್ತೆ ನೆನೆಯಬೇಕಾಗುವುದು.

೧೮೯೮ರ ಆಗಸ್ಟಿನಲ್ಲಿ ಬೆಂಗಳೂರಿಗೆ ಪ್ಲೇಗು ತಟ್ಟಿತು. ಇಕ್ಕಟ್ಟಾದ ಪೇಟೆಗೆ ಬದಲಾಗಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳಲ್ಲಿ ಅಗಲವಾದ ಬೀದಿಗಳೂ ಮನೆಗಳ ಹಿಂದೆ ಸಣ್ಣ ಗಲ್ಲಿಗಳೂ ಏರ್ಪಟ್ಟವು. ಕನ್ಸರ್ವೆನ್ಸಿ ಎಂದು ಕರೆಯುತ್ತಿದ್ದ ಈ ಗಲ್ಲಿಗಳ ಉದ್ದೇಶವನ್ನು ಇಂದಿನ ವಿದ್ಯಾರ್ಥಿಗಳು ಬಲ್ಲವರಲ್ಲ. ಕಕ್ಕಸು ಹಿತ್ತಿಲಿನ ತುದಿಯಲ್ಲಿರುತ್ತಿತ್ತು. ಅದನ್ನು ತೆರವು ಮಾಡುವ ಕೆಲಸಗಾರರು ಮನೆಯ ಮುಂಬಾಗಿಲಿನಿಂದ ಬಾರದೆ ಹಿಂದಿನ ಗಲ್ಲಿಯಿಂದ ಬಂದು, ಮಲವನ್ನು ಬಕೆಟ್ಟಿಗೆ ತುಂಬಿಕೊಂಡು, ತಲೆಯ ಮೇಲೆ ಹೊತ್ತುಕೊಂಡು ಹೋಗುತ್ತಿದ್ದರು. ಮನೆಯವರ ಮೂಗಿಗೂ ಕಣ್ಣಿಗೂ ಬೀಳದಂತೆ ವಾಸನೆಯನ್ನು ನೀಗಿಸಿದ ಮೊದಲ ಉಪಾಯ ಇದು. ಅದರ ಭಾರ ಬಿದ್ದುದು ಕೆಲವು ಜಾತಿಗಳ ತಲೆಯ ಮೇಲೆ.

ನಗರದ ನಡುಭಾಗದಲ್ಲಿ ಒಳಚರಂಡಿಯ ಕಾರ್ಯ ಪ್ರಾರಂಭವಾದುದು ೧೯೨೨ರಲ್ಲಿ. ೧೯೬೪ರಲ್ಲಿ ಬೆಂಗಳೂರಿಗೆ ನೀರಿಗೂ ಒಳಚರಂಡಿಗೂ ಪ್ರತ್ಯೇಕ ಮಂಡಲಿ ಸ್ಥಾಪಿತವಾಯಿತು. ಉಳಿದ ಪಟ್ಟಣಗಳಿಗಾಗಿ ಮಂಡಲಿಯನ್ನು ರಚಿಸುವ ಕಾಯಿದೆ ೧೯೭೩ರದು. ಈ ನಡುವೆ ಮಲ ಹೊರುವ ಪದ್ಧತಿ ಮುಂದುವರಿದೇ ಇತ್ತು. ೧೯೭೦ರ ದಶಕದ ಆದಿಯಲ್ಲಿ, ದೇವರಾಜ ಅರಸು ಅವರ ಮಂತ್ರಿಮಂಡಲದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ರಾಜ್ಯದಲ್ಲಿ ನಿಷೇಧಿಸಿದರು. ಜಾಡಮಾಲಿಗಳ ಜೀವನಸ್ಥಿತಿಯನ್ನು ಪರಿಶೀಲಿಸಿದ ಐ. ಪಿ. ಡಿ. ಸಾಲಪ್ಪ ಸಮಿತಿಯ ವರದಿ ೧೯೭೬ರಲ್ಲಿ ಹೊರಬಂದಿತು. ಕೇಂದ್ರದ ಶಾಸನ ೧೯೯೩ರದು. ಅದನ್ನು ಮೀರಿದ ವ್ಯಾಪ್ತಿಯುಳ್ಳದ್ದು ೨೦೧೩ರ ಶಾಸನ. ಕರ್ನಾಟಕದ ಸಚಿವರು ಕೇಂದ್ರ ಶಾಸನಕ್ಕೆ ಎರಡು ದಶಕ ಮುಂದಾಗಿದ್ದರೆಂಬುದು ಗಮನಾರ್ಹ.

೫

ಬೆಂಗಳೂರಿನ ಸುತ್ತಣ ಸಣ್ಣ ಪಟ್ಟಣಗಳಲ್ಲಿ ಈ ಪರಿವರ್ತನೆ ಬೇರೆಯ ಕ್ರಮದಲ್ಲಿ ನಡೆಯಿತು. ಇಲ್ಲಿ ಒಳಚರಂಡಿಗಿಂತ ಮೊದಲು ಬಂದುದು ನೀರು ಸುರಿಯುವ ಬೋಗುಣಿ ಮತ್ತು ಗುಂಡಿ. ನೆಲದಲ್ಲಿ ಸಿಮೆಂಟು ರಿಂಗುಗಳನ್ನು ಇಳಿಸಿ, ಮೇಲೆ ಚಪ್ಪಡಿ ಮುಚ್ಚಿದರೆ ಗುಂಡಿ ಸಿದ್ಧ. ಕಕ್ಕಸು ಹಿತ್ತಿಲಿನಲ್ಲಿ ಇರುವಷ್ಟು ಕಾಲ ವಾಸನೆ ಹಿತ್ತಿಲಿನಲ್ಲೇ ಉಳಿಯಿತು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ನಿವೇಶನಗಳು ಕಿರಿದಾದವು, ಹಿತ್ತಿಲು ಮಾಯವಾಯಿತು, ಮಹಡಿಗಳು ಎದ್ದವು. ಕಕ್ಕಸೂ ಬಚ್ಚಲೂ ಒಂದೇ ಕೋಣೆಯಾಗಿ ಮಲಗುವ ಮನೆಗೆ ಅಂಟಿಕೊಂಡವು. ೨೦೦೮ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಪ್ರಾರಂಭವಾದ ಮೇಲೆ ಈ ಬಗೆಯ ಕಟ್ಟಡಗಳು ಇನ್ನೂ ಹೆಚ್ಚಿದವು. ಸ್ನಾನದ ನೀರಿನ ಕಿಂಡಿ ಹಿತ್ತಿಲಿಗೆ ತೆರೆಯುವ ಬದಲು ಗುಂಡಿಯ ಕೊಳವೆಗೆ ತೆರೆಯತೊಡಗಿತು. ಬಚ್ಚಲಿಗೆ ಮೋರಿಯ ವಾಸನೆ ಬಂದುದು ಈ ಜೋಡಣೆಯಿಂದಲೇ ಎಂದು ಹೇಳಬಹುದಾಗಿದೆ.

ಈ ಜೋಡಣೆಯನ್ನು ಕಾಯುವ ಸಾಧನವನ್ನು ನಮ್ಮ ಕೊಳಾಯಿ ಕೆಲಸದವರು ನಾನಿ ಟ್ರ್ಯಾಪ್ ಎನ್ನುವರು. ಸ್ನಾನಗೃಹಕ್ಕೆ ಮರಾಠಿಯಲ್ಲಿರುವ ನ್ಹಾಣಿ ಎಂಬ ಮಾತೇ ಇದರಲ್ಲಿ ಅಡಗಿದೆ. ಇಂಗ್ಲೆಂಡಿನ ಬಾಗುಕೊಳವೆ ನಮ್ಮ ನೆಲದ ಮೇಲಿನ ಸ್ನಾನಕ್ಕೆ ಹೊಂದಿಕೊಂಡುದರ ಗುರುತು ಇದು. ಕುಳಿತು ಮಿಂದ ನೀರು ನೆಲದ ಮೇಲೆ ಹರಿದು ಈ ಟ್ರ್ಯಾಪಿಗೆ ಇಳಿಯಬೇಕು. ಅಲ್ಲಿಂದ ಮನೆಯ ಹೊರಗಿನ ಗಲ್ಲಿ ಟ್ರ್ಯಾಪಿಗೂ, ಅದರ ಮುಂದೆ ಚೇಂಬರಿಗೂ ಹೋಗಬೇಕು.

ವಾಸನೆ ಬಂದಲ್ಲಿ ಈ ಸರಪಣಿಯ ಯಾವುದೋ ಒಂದು ಕೊಂಡಿ ಕಳಚಿದೆಯೆಂದು ತಿಳಿಯಬೇಕು. ಮೊದಲನೆಯದಾಗಿ, ಬಳಸದ ಬಚ್ಚಲಿನ ಟ್ರ್ಯಾಪಿನಲ್ಲಿ ನೀರು ಆವಿಯಾಗುವುದು. ಚೈತ್ರ ವೈಶಾಖಗಳಲ್ಲಿ ಮನೆ ಬೀಗ ಹಾಕಿ ಊರಿಗೆ ಹೋಗಿ ಬಂದವರಿಗೆ ವಾಸನೆ ಹೊಡೆಯುವುದು ಇದರಿಂದ. ವಾರಕ್ಕೊಮ್ಮೆ ಒಂದು ಚೊಂಬು ನೀರು ಹಾಕುವುದೇ ಇದರ ಪರಿಹಾರ. ದೀರ್ಘಕಾಲ ಮನೆ ಬಿಡುವವರು ಆ ನೀರಿನ ಮೇಲೆ ಸ್ವಲ್ಪ ಎಣ್ಣೆ ಬಿಟ್ಟರೆ ಅದು ಬೇಗ ಆರದು. ಎರಡನೆಯದಾಗಿ, ಮಹಡಿಯಿಂದ ರಭಸವಾಗಿ ಇಳಿಯುವ ನೀರು ಕೊಳವೆಯಲ್ಲಿ ಗಾಳಿಯನ್ನು ಸೆಳೆದುಕೊಂಡು, ಅದರೊಡನೆ ಟ್ರ್ಯಾಪಿನ ನೀರನ್ನೂ ಎಳೆದೊಯ್ಯುವುದು. ಗುಳುಗುಳು ಸದ್ದು ಇದರ ಲಕ್ಷಣ. ಇದಕ್ಕೆ ಗಾಳಿಕೊಳವೆಯನ್ನು ಮಾಳಿಗೆಯ ಮೇಲಕ್ಕೆ ಎತ್ತಿ, ಬಾಯಿಗೆ ಸೊಳ್ಳೆಬಲೆ ಕಟ್ಟಬೇಕು. ಮೂರನೆಯದಾಗಿ, ಕೂದಲು ಸಿಕ್ಕಿ ನೀರು ನಿಂತಾಗ ಟ್ರ್ಯಾಪಿನೊಳಗಿನ ಬಟ್ಟಲನ್ನು ಕಿತ್ತುಹಾಕುವ ರೂಢಿಯುಂಟು. ನೀರೇನೋ ಸರಾಗವಾಗಿ ಹೋಗುವುದು, ಜತೆಗೆ ತಡೆಯೂ ಹೋಗುವುದು. ಬಟ್ಟಲನ್ನು ತೊಳೆದು ಮತ್ತೆ ಸ್ಥಾನದಲ್ಲಿಡಬೇಕು. ನಾಲ್ಕನೆಯದಾಗಿ, ಗುಂಡಿ ತುಂಬಿದಾಗ ಅನಿಲಕ್ಕೆ ಬೇರೆ ದಾರಿಯಿಲ್ಲದೆ ಬಚ್ಚಲಿನತ್ತ ಒತ್ತುವುದು. ಸೆಪ್ಟಿಕ್ ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆಯಾದರೂ ತೆರವು ಮಾಡಿಸಬೇಕು.

ಫಿನಾಯಿಲ್, ಕರ್ಪೂರ, ನುಸಿಗುಳಿಗೆ ಇವು ಒಂದು ವಾಸನೆಯನ್ನು ಮತ್ತೊಂದರಿಂದ ಮರೆಸುವುವೇ ವಿನಾ ಕಾರಣವನ್ನು ಮುಟ್ಟುವುದಿಲ್ಲ. ಆಸಿಡ್ಡನ್ನೂ ಬ್ಲೀಚಿಂಗ್ ಪೌಡರನ್ನೂ ಒಟ್ಟಿಗೆ ಸುರಿಯುವುದಂತೂ ಅಪಾಯಕರ. ಅವೆರಡೂ ಕೂಡಿ ಕ್ಲೋರಿನ್ ವಿಷಾನಿಲ ಹುಟ್ಟುವುದು.

೬

ವಾಸನೆ ರೋಗವಲ್ಲವೆಂದು ಹಾಲ್ಡೇನ್ ತೋರಿಸಿದುದರಿಂದ ಅದನ್ನು ಉಪೇಕ್ಷಿಸಬಹುದೆಂದು ಅರ್ಥವಲ್ಲ. ೨೦೦೩ರಲ್ಲಿ ಹಾಂಗ್‌ಕಾಂಗಿನ ಆಮಾಯ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದಲ್ಲಿ ಮುನ್ನೂರಕ್ಕೂ ಹೆಚ್ಚು ಮಂದಿಗೆ ಸಾರ್ಸ್ ರೋಗ ತಗುಲಿತು. ಬಚ್ಚಲಿನ ನೆಲದ ಟ್ರ್ಯಾಪುಗಳು ಒಣಗಿದ್ದುದು, ಬಾಗಿಲು ಮುಚ್ಚಿ ಗಾಳಿಯಂತ್ರ ಹಾಕಿದಾಗ ಚರಂಡಿಯ ಹನಿಗಳು ಒಳಕ್ಕೆ ಸೆಳೆಯಲ್ಪಟ್ಟುದು ಇದಕ್ಕೆ ಒಂದು ಮುಖ್ಯ ಕಾರಣವೆಂದು ತನಿಖೆಯಲ್ಲಿ ಕಂಡುಬಂದಿತು. ಚಾಡ್ವಿಕ್ಕನ ಸಿದ್ಧಾಂತ ತಪ್ಪಾಗಿದ್ದರೂ ಆ ಕಾಲದ ಟ್ರ್ಯಾಪು ವ್ಯರ್ಥವಾಗಿರಲಿಲ್ಲ.

ಅಲ್ಲದೆ, ವಾಸನೆಗೆ ಮುಖ್ಯ ಕಾರಣವಾದ ಹೈಡ್ರೊಜನ್ ಸಲ್ಫೈಡ್ ಬಚ್ಚಲಿನಲ್ಲಿ ಬರಿಯ ಕಿರಿಕಿರಿ, ಮುಚ್ಚಿದ ಗುಂಡಿಯಲ್ಲಿ ಪ್ರಾಣಾಂತಕ. ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗಕ್ಕಿಂತ ಕಡಿಮೆಯಿದ್ದರೂ ಮೂಗು ಅದನ್ನು ಗುರುತಿಸಬಲ್ಲುದು. ನೂರು ಭಾಗದಷ್ಟಾದಾಗ ಘ್ರಾಣಶಕ್ತಿಯೇ ಸೋತು ವಾಸನೆ ತಿಳಿಯದಾಗುವುದು. ಗುಂಡಿಗೆ ಇಳಿದವನನ್ನು ಎತ್ತಲು ಹೋದವನೂ ಸಾಯುವುದು ಇದರಿಂದಲೇ. ಚರಂಡಿ ಮತ್ತು ಗುಂಡಿಗಳಲ್ಲಿ ಸತ್ತವರ ಕುಟುಂಬಕ್ಕೆ ೧೦ ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ ೨೦೧೪ರಲ್ಲಿ ಆದೇಶಿಸಿತು. ೨೦೨೩ರಲ್ಲಿ ಆ ಮೊತ್ತವನ್ನು ೩೦ ಲಕ್ಷಕ್ಕೆ ಏರಿಸಿತು. ಆದುದರಿಂದ ಗುಂಡಿಯನ್ನು ತೆರವು ಮಾಡಿಸುವಾಗ ಯಂತ್ರದ ಗಾಡಿಯನ್ನೇ ಕರೆಸಬೇಕು, ಯಾವ ಕಾರಣಕ್ಕೂ ಮನುಷ್ಯನನ್ನು ಇಳಿಸಕೂಡದು. ಇದು ಶಾಸನದ ವಿಧಿಯೂ ಹೌದು.

ಗಾಡಿ ಹೀರಿಕೊಂಡ ಕೆಸರು ಎಲ್ಲಿಗೆ ಹೋಗುವುದು? ಬೆಂಗಳೂರಿನ ಸುತ್ತಮುತ್ತ ಅದು ಬಹುಕಾಲ ಹೊಲಗಳಿಗೆ, ಹಳ್ಳಗಳಿಗೆ ಹೋಗುತ್ತಿತ್ತು. ಬಾಳೆ, ತೆಂಗುಗಳಿಗೆ ಅದನ್ನು ಗೊಬ್ಬರವಾಗಿ ಹಾಕಿಸಿಕೊಳ್ಳುವ ರೈತರೂ ಉಂಟು. ಈ ವಿಷಯದಲ್ಲಿ ದೇವನಹಳ್ಳಿಗೆ ವಿಶೇಷ ಸ್ಥಾನವಿದೆ. ೨೦೧೧ರ ಜನಗಣತಿಯಲ್ಲಿ ಸುಮಾರು ೨೮ ಸಾವಿರ ಜನಸಂಖ್ಯೆಯಿದ್ದ, ಮನೆಮನೆಯ ಗುಂಡಿಗಳನ್ನೇ ಅವಲಂಬಿಸಿದ್ದ ಈ ಪಟ್ಟಣದಲ್ಲಿ ೨೦೧೫ರಲ್ಲಿ ಮಲಕೆಸರು ಸಂಸ್ಕರಣ ಘಟಕವೊಂದು ಪ್ರಾರಂಭವಾಯಿತು. ಪಟ್ಟಣವೊಂದಕ್ಕಾಗಿಯೇ ಭಾರತದಲ್ಲಿ ಕಟ್ಟಿದ ಮೊದಲ ಘಟಕಗಳಲ್ಲಿ ಇದು ಒಂದು. ಸಿಡಿಡಿ ಸೊಸೈಟಿಯವರು ರೂಪಿಸಿದ ಈ ಘಟಕದ ಸಾಮರ್ಥ್ಯ ದಿನಕ್ಕೆ ೬ ಘನಮೀಟರ್. ಕೆಸರು ಇಳಿಜಾರಿನಲ್ಲಿ ತಾನಾಗಿ ತೊಟ್ಟಿಯಿಂದ ತೊಟ್ಟಿಗೆ ಹರಿದು, ಕೊಳೆತು, ಒಣಗುಹಾಸುಗಳ ಮೇಲೆ ಹುಡಿಯಾಗಿ, ಪಟ್ಟಣದ ಹಸಿಕಸದೊಡನೆ ಗೊಬ್ಬರವಾಗುವುದು. ಇದುವರೆಗೆ ನಾವು ನೋಡಿದ ಉಪಾಯಗಳು ವಾಸನೆಯನ್ನು ಸಾಗಿಸಿದವು. ಇಲ್ಲಿ ಮಾತ್ರ ಅದರ ಮೂಲವನ್ನೇ ಮಾರ್ಪಡಿಸುವ ಪ್ರಯತ್ನವಿದೆ.

ದೊಡ್ಡಬಳ್ಳಾಪುರದ ಕಡೆ ನೋಡಿದರೆ ಬೇರೆಯ ಚಿತ್ರ ಕಾಣುವುದು. ನಗರದ ಕೊಳಚೆಯೂ ಕೈಗಾರಿಕಾ ಪ್ರದೇಶದ ತ್ಯಾಜ್ಯವೂ ತಮ್ಮ ಕೆರೆಗಳಿಗೆ ಸೇರುತ್ತಿವೆಯೆಂದು ದೊಡ್ಡತುಮಕೂರು, ಚಿಕ್ಕತುಮಕೂರು ಭಾಗದ ಗ್ರಾಮಸ್ಥರು ವರ್ಷಗಳಿಂದ ಹೋರಾಡುತ್ತಿರುವರು. ಒಂದು ಕಾಲಕ್ಕೆ ಬೆಂಗಳೂರಿನ ನಲ್ಲಿಗಳನ್ನು ತುಂಬಿದ ಅರ್ಕಾವತಿಯ ಕಣಿವೆ ಇದೇ. ಈಗ ನೀರಿನ ದಿಕ್ಕೂ ತಿರುಗಿದೆ. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಮೂಲಕ ಬೆಂಗಳೂರಿನ ಬಚ್ಚಲುಗಳ ನೀರು ಎರಡನೆಯ ಹಂತದವರೆಗೆ ಸಂಸ್ಕಾರಗೊಂಡು ದೇವನಹಳ್ಳಿ ಮತ್ತು ಚಿಕ್ಕಬಳ್ಳಾಪುರದ ಕಡೆಯ ಕೆರೆಗಳಿಗೆ ಬರುತ್ತಿದೆ. ಬತ್ತಿದ ಕೆರೆಗಳಿಗೆ ನೀರು ಬಂದಿತೆಂಬ ಸಂತೋಷವೂ, ಮೂರನೆಯ ಹಂತದ ಶುದ್ಧಿಯಿಲ್ಲದೆ ಅದು ಅಂತರ್ಜಲಕ್ಕೆ ಇಳಿಯುವುದೆಂಬ ಆತಂಕವೂ ಜನರಲ್ಲಿ ಕೂಡಿಯೇ ಇವೆ.

೭

ಮೇಲಿನ ವಿಚಾರದಿಂದ ಕೆಲವು ಸಂಗತಿಗಳು ವೇದ್ಯವಾಗುತ್ತವೆ. ಬಚ್ಚಲಿಗೆ ಮೋರಿಯ ವಾಸನೆ ಬಂದುದು ಕೊಳಕು ಹೆಚ್ಚಿದ್ದರಿಂದಲ್ಲ. ಹಿತ್ತಿಲಿಗೆ ತೆರೆಯುತ್ತಿದ್ದ ಕಿಂಡಿಯನ್ನು ಗುಂಡಿಗೆ ಜೋಡಿಸಿದ್ದರಿಂದ. ಆ ಜೋಡಣೆ ಹೆಂಗಸರಿಗೂ ಅಶಕ್ತರಿಗೂ ಮಾನದ, ಆರೋಗ್ಯದ ಪ್ರಶ್ನೆಯಾಗಿದ್ದುದರಿಂದ ಹಿಂದಕ್ಕೆ ಹೋಗುವ ಮಾತೇ ಇಲ್ಲ. ಮನೆಯೊಳಗಿನ ಪರಿಹಾರವು ಸುಲಭ, ಅಗ್ಗ, ಎರಡೂವರೆ ಶತಮಾನದಿಂದ ತಿಳಿದಿರುವುದು. ಕೊಳವೆಯ ಆಚೆಯ ಪರಿಹಾರವಾದರೋ ಒಂದು ಮನೆಯಿಂದ ಆಗತಕ್ಕದ್ದಲ್ಲ, ಅದು ಪುರಸಭೆಯ, ಜಿಲ್ಲೆಯ, ನದೀಕಣಿವೆಯ ಕೆಲಸ. ನಮ್ಮ ಪಟ್ಟಣಗಳ ಪುರಸಭೆಗಳ ಕಡತಗಳಲ್ಲಿ, ಹಳೆಯ ಮನೆಗಳ ನಕ್ಷೆಗಳಲ್ಲಿ, ಗಲ್ಲಿಗಳಿಂದ ಬಂದು ದುಡಿದವರ ನೆನಪುಗಳಲ್ಲಿ ಈ ಚರಿತ್ರೆಯ ಬಹುಭಾಗ ಇನ್ನೂ ಉಳಿದಿದೆ. ಈ ಜಿಲ್ಲೆಯ ಕಾಲೇಜುಗಳ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನಲ್ಲಿ, ಆ ಹಿರಿಯರು ಇರುವಾಗಲೇ, ಅದನ್ನು ಸಂಗ್ರಹಿಸಲು ಕೈಹಾಕುವರೆಂದು ಆಶಿಸುವೆವು.